ಸುಣ್ಣ ಹಾಕದ ಅಂಟು

ಶಿರಸಿಯ ಹಳೇ ಪೇಟೆಯ ಒಂದು ಓಣಿಯಲ್ಲಿ ಇಮಾಮಣ್ಣನ ಬೈಂಡಿಂಗ್ ಅಂಗಡಿಯಿದೆ. ಹೋದ ವಾರ ಮಕ್ಕಳ ಚಿತ್ರಗಳ ಒಂದು ಕಟ್ಟಿಗೆ ರಟ್ಟು ಹಾಕಿಸಲು ಅಲ್ಲಿಗೆ ಹೋಗಿದ್ದೆ. ಒಳಗೆ ಕಾಲಿಡುವ ಮೊದಲೇ ವಾಸನೆ ಬಂತು. ಬೇಯುತ್ತಿರುವ ಮೈದಾದ ಹಸಿ ವಾಸನೆ, ಅದರ ಜೊತೆಗೆ ಗಂಟಲಿಗೆ ತಾಗುವ ತಾಮ್ರದ ಒಗರು. ನಾನು ಹೊಸ್ತಿಲಲ್ಲೇ ನಿಂತೆ.

"ಬನ್ನಿ ಅಕ್ಕೋರೇ, ಅಂಟು ಕಾಯಿಸ್ತಾ ಇದ್ದೆ. ಮೈಲುತುತ್ತ ಒಂದ್ ಚಿಟಿಕೆ, ಅದರ ಮೇಲೆ ಸುಣ್ಣ ಒಂದ್ ಚಿಟಿಕೆ," ಎಂದ ಇಮಾಮಣ್ಣ. ಮಣ್ಣಿನ ಮಡಕೆಯಲ್ಲಿ ಕೋಲು ತಿರುಗಿಸುತ್ತಿದ್ದ.

"ಸುಣ್ಣ ಯಾಕೆ?" ಎಂದು ಕೇಳಿದೆ. ಉತ್ತರ ನನಗೆ ಗೊತ್ತಿತ್ತು.

"ಸುಣ್ಣ ಇಲ್ದಿದ್ರೆ ಕಾಗದ ಸುಡ್ತದಲ್ಲ!"

ಕಟ್ಟನ್ನು ಅಲ್ಲಿಟ್ಟು, ಆಮೇಲೆ ಬರುತ್ತೇನೆ ಎಂದು ಹೇಳಿ ಹೊರಗೆ ಬಂದೆ. ಏಳು ವರ್ಷದ ಹಿಂದೆ ಇದೇ ಮಾತನ್ನು ನನಗೆ ಇನ್ನೊಬ್ಬರು ಹೇಳಿದ್ದರು. ಆಗ ಹೇಳಿ ಪ್ರಯೋಜನವಿರಲಿಲ್ಲ.

ಆ ವರ್ಷದ ಜೂನಿನಲ್ಲಿ ನಾನು ಸಿದ್ದಾಪುರ ತಾಲ್ಲೂಕಿನ ಒಂದು ಹೈಸ್ಕೂಲಿಗೆ ಚಿತ್ರಕಲೆ ಕಲಿಸಲು ಹೊಸದಾಗಿ ಬಂದಿದ್ದೆ. ಇಸಳೂರಿನಲ್ಲಿ ಒಂದು ಹೊಸ ಮನೆಯ ಮಹಡಿಯ ಕೋಣೆ ಬಾಡಿಗೆಗೆ ಸಿಕ್ಕಿತ್ತು. ಅಲ್ಲಿಂದ ಶಿರಸಿಗೆ ಒಂದು ಬಸ್ಸು, ಶಿರಸಿಯಿಂದ ಶಾಲೆಗೆ ಇನ್ನೊಂದು. ನನ್ನ ಊರು ಬನವಾಸಿಯ ಕಡೆ. ನಮ್ಮ ಮನೆಯಲ್ಲಿ ಭತ್ತ, ಅನಾನಸು. ಈ ಕಡೆ ಮಾಸ್ತರಿಣಿಯನ್ನು ಅಕ್ಕೋರು ಎಂದು ಕರೆಯುತ್ತಾರೆಂದು ಗೊತ್ತಿತ್ತಾದರೂ ಕಿವಿಗೆ ಅಭ್ಯಾಸವಾಗಲು ಕೆಲವು ದಿನ ಹಿಡಿಯಿತು. ಮಕ್ಕಳಿಗೂ ನನ್ನ ಮಾತು ಹೊಸದು. ನಾನು "ಬರ್ರಿ, ಕೂಡ್ರಿ" ಅಂದರೆ ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ "ಕೂಡ್ರ್ರ್ರಿ" ಎಂದು ಎಳೆಯುತ್ತಿದ್ದರು, ಉಳಿದವರು ಪುಸ್ತಕ ಅಡ್ಡ ಹಿಡಿದು ನಗುತ್ತಿದ್ದರು.

ಆ ಅಡ್ಡ ಹಿಡಿದ ಪುಸ್ತಕಗಳಿಂದಲೇ ನನಗೆ ಆ ಯೋಚನೆ ಬಂದದ್ದು. ಶಾಲೆ ಶುರುವಾದ ವಾರದಲ್ಲಿ ಎಲ್ಲ ಮಕ್ಕಳೂ ಪುಸ್ತಕಕ್ಕೆ ಹಳೇ ಕ್ಯಾಲೆಂಡರಿನ ಹಾಳೆಯ ಹೊದಿಕೆ ಹಾಕಿಕೊಂಡು ಬಂದಿದ್ದರು. ಕೆಲವರು ಬಿಳಿ ಬೆನ್ನು ಮೇಲೆ ಮಾಡಿದ್ದರು, ಕೆಲವರು ದಿನಾಂಕಗಳ ಮುಖ. ಅದರಲ್ಲಿ ಪೆನ್ನಿನ ಗುರುತುಗಳಿದ್ದವು. "ಕೂಸಿಗೆ ಸೂಜಿ." "ಗ್ಯಾಸ್ ಬಂತು." "ಎತ್ತು ಮಾರಾಟ." ಒಂದು ಮನೆಯ ಇಡೀ ವರ್ಷ ವಿಜ್ಞಾನದ ಪುಸ್ತಕದ ಮೇಲೆ ಮಡಚಿ ಕೂತಿತ್ತು. ಮುಂದಿನ ವರ್ಷ ಅದು ಒಲೆಗೆ ಹೋಗುತ್ತದೆ. ಸೆಪ್ಟೆಂಬರಿನಲ್ಲಿ ಶಿರಸಿಯಲ್ಲಿ ಇಬ್ಬರು ಗೆಳತಿಯರ ಜೊತೆ ಚಿತ್ರಗಳನ್ನು ತೂಗುಹಾಕುವುದೆಂದು ನಿಶ್ಚಯವಾಗಿತ್ತು. ಅದು ನನ್ನ ಮೊದಲ ಪ್ರದರ್ಶನ. ಈ ಕ್ಯಾಲೆಂಡರುಗಳನ್ನು ಕತ್ತರಿಸಿ, ಜೋಡಿಸಿ, ಅಂಟಿಸಿ ಕೊಲಾಜು ಮಾಡಬೇಕು, ಉಳಿಯದೇ ಹೋಗುವುದನ್ನು ತೋರಿಸಬೇಕು ಎಂದುಕೊಂಡೆ. ತರಗತಿಯಲ್ಲಿ ಹೇಳಿದೆ: "ಮನೆಯಲ್ಲಿ ಹಳೇ ಕ್ಯಾಲೆಂಡರ್ ಇದ್ದರೆ ತಗೊಂಡು ಬರ್ರಿ. ಮುಗಿದ ವರ್ಷದ್ದು ಯಾವುದಾದರೂ ಆಗ್ತದೆ."

ಮೂರನೆಯ ದಿನ ಒಂಬತ್ತನೇ ತರಗತಿಯ ಸವಿತಾ ಒಂದು ಕ್ಯಾಲೆಂಡರನ್ನು ಸುರುಳಿ ಸುತ್ತಿ, ದಾರ ಕಟ್ಟಿ ತಂದಳು. ಕಡಿಮೆ ಮಾತಿನ ಹುಡುಗಿ, ಕಿಟಕಿಯ ಪಕ್ಕದ ಜಾಗ ಅವಳದು. ಎಲ್ಲರೂ ಊಟಕ್ಕೆ ಹೋದ ಮೇಲೆ ಬಂದಳು.

"ಹೋದ ವರ್ಷದ್ದು. ಆಗ್ತದಾ ಅಕ್ಕೋರೇ?"

ಬಿಚ್ಚಿ ನೋಡಿದೆ. ನೀಲಿ ಜೆಲ್ ಪೆನ್ನಿನಲ್ಲಿ ದಿನಾಂಕಗಳ ಚೌಕದೊಳಗೆ ಸಣ್ಣ ಸಣ್ಣ ಅಕ್ಷರ. ಬಹಳ ಬರೆದು ಅಭ್ಯಾಸವಿಲ್ಲದವರ ಕೈ. ಪ್ರತಿ ಅಕ್ಷರವನ್ನೂ ಒತ್ತಿ ನಿಲ್ಲಿಸಿದ ಹಾಗೆ. "ಮೊದಲ ಮಳೆ." "ಗೌರಿ ಕರು ಹೆಣ್ಣು." "ಇವರು ಮನೆಗೆ." ಇಷ್ಟು ಚೆಂದದ್ದು ಉಳಿದ ಯಾವ ಮಗುವೂ ತಂದಿರಲಿಲ್ಲ.

"ಯಾರು ಬರೆದಿದ್ದು?"

"ಅಮ್ಮ."

"ಅಮ್ಮನಿಗೆ ಬೇಡವೇನು?"

ಅವಳು ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತಿದಳು. "ಬೇಡ," ಎಂದಳು.

"ಅಪ್ಪನ್ನ ಕೇಳಿದೆಯಾ?"

"ಅಪ್ಪ ಮಂಚಿಕೇರಿ ಬದಿಗೆ ಅಡಕೆಗೆ ಮದ್ದು ಹೊಡಿಯೂಕೆ ಹೋಗಿದಾನೆ. ಬರೂಕೆ ಹದಿನೈದು ದಿನ ಆಗ್ತು."

ಅಷ್ಟೇ. ನಾನು ಮತ್ತೇನೂ ಕೇಳಲಿಲ್ಲ. ಆದರೆ ನಾನು ನೋಡಲಿಲ್ಲ ಎಂದು ಹೇಳುವಂತಿಲ್ಲ. ಬರಹ ನವೆಂಬರಿನ ಎರಡನೇ ವಾರಕ್ಕೆ ನಿಂತಿತ್ತು. ಅಲ್ಲಿಂದ ಮುಂದೆ ಡಿಸೆಂಬರಿನ ಕೊನೆಯ ತನಕ ಚೌಕಗಳೆಲ್ಲ ಖಾಲಿ. ಇದನ್ನು ಕಂಡಾಗ ನನಗೆ ಅನ್ನಿಸಿದ್ದು ಇಷ್ಟೇ: ಚಿತ್ರದ ಬಲಗಡೆಗೆ ಬೇಕಾದ ಖಾಲಿ ಜಾಗ ಸಿಕ್ಕಿತು.

ಸವಿತಾಳ ತಾಯಿ ಮಾದೇವಿ ಹಿಂದಿನ ನವೆಂಬರಿನಲ್ಲಿ ಜ್ವರದಿಂದ ತೀರಿಕೊಂಡಿದ್ದರು. ಇದು ಶಾಲೆಯಲ್ಲಿ ಜವಾನನಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು. ನಾನು ಬಂದು ಎರಡು ವಾರವಾಗಿತ್ತು, ನನಗೆ ಯಾರೂ ಹೇಳಿರಲಿಲ್ಲ. ನಾನು ಕೇಳಿದ್ದರೆ ಹೇಳುತ್ತಿದ್ದರು.

ಆ ಸಲ ಮಳೆ ಬಿಡದೆ ಹೊಡೆಯಿತು. ಇಸಳೂರಿನ ಕೋಣೆಯಲ್ಲಿ ಕಾಗದ ಒಣಗುತ್ತಿರಲಿಲ್ಲ. ಮೊದಲು ಅಂಟಿಸಿದ ಒಂದು ಹಲಗೆಯ ಮೇಲೆ ಹತ್ತು ದಿನಕ್ಕೆ ಬೂಷ್ಟು ಬಂತು, ಮೂಲೆಯನ್ನು ಹುಳ ತಿಂದಿತು. ಕಲಾಶಾಲೆಯಲ್ಲಿ ಹೇಳಿದ್ದು ನೆನಪಾಯಿತು, ಅಂಟಿಗೆ ಮೈಲುತುತ್ತ ಹಾಕಿದರೆ ಹುಳ ಹಿಡಿಯುವುದಿಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮದ್ದು ಅದರಿಂದಲೇ ಆಗುವುದು, ಹಾಗಾಗಿ ಶಿರಸಿಯಲ್ಲಿ ಅದು ಸಿಗದ ಗೊಬ್ಬರದಂಗಡಿ ಇಲ್ಲ. ಅಂಗಡಿಯವರು ನನ್ನ ಛತ್ರಿ, ಹೆಗಲ ಚೀಲ ನೋಡಿ ಕೇಳಿದರು:

"ತೋಟ ಎಷ್ಟು ಎಕರೆ ಅಕ್ಕೋರದ್ದು?"

"ಒಂದು ಮೇಜು," ಎಂದೆ.

"ಹಂಗಾರೆ ಭಾರೀ ಫಸಲು ಬತ್ತು ಬಿಡಿ!" ಎಂದು ನಕ್ಕು, ಕಾಗದದಲ್ಲಿ ಒಂದು ಹಿಡಿ ನೀಲಿ ಹರಳು ಕಟ್ಟಿಕೊಟ್ಟರು.

ಒಂದು ಚಿಟಿಕೆ ಸಾಕಿತ್ತು. ಮಳೆಗಾಲವಲ್ಲವೇ ಎಂದು ನಾನು ಎರಡು ಚಮಚ ಹಾಕಿದೆ, ಅದೂ ಅಲ್ಯೂಮಿನಿಯಮ್ ಪಾತ್ರೆಯಲ್ಲಿ. ಪಾತ್ರೆಯ ತಳ ಕಪ್ಪಾಯಿತು. ಅಂಟು ಆಕಾಶದ ತಿಳಿ ನೀಲಿಗೆ ತಿರುಗಿತು. ಅದೂ ಚೆಂದವೇ ಕಂಡಿತು. ಉಳಿಯದ ವಸ್ತುಗಳ ಬಗ್ಗೆ ಚಿತ್ರ ಮಾಡುತ್ತಿದ್ದವಳು ನಾನು. ಆದರೆ ನನ್ನ ಚಿತ್ರ ಮಾತ್ರ ಹುಳ ಬೀಳದೆ ಉಳಿಯಬೇಕೆಂದು ವಿಷ ಕಲಸಿದ್ದೆ. ಇದು ಆಗ ಹೊಳೆಯಲಿಲ್ಲ.

ಮಾದೇವಿಯ ಕ್ಯಾಲೆಂಡರನ್ನು ಚೌಕ ಚೌಕವಾಗಿ ಕತ್ತರಿಸಿದೆ. ಪ್ರತಿ ತಿಂಗಳೂ ಒಂದು ಚೌಕದಲ್ಲಿ "ಸ" ಎಂಬ ಒಂದೇ ಅಕ್ಷರ, ಅದರ ಸುತ್ತ ಒಂದು ವೃತ್ತ. ಅವನ್ನೆಲ್ಲ ಬೇರೆ ತೆಗೆದು ಹಲಗೆಯ ನಡುವೆ ಒಂದು ಸಾಲು ಮಾಡಿದೆ. ಸುತ್ತಲೂ ಉಳಿದ ಬರಹ, ಬಲಕ್ಕೆ ಖಾಲಿ ಚೌಕಗಳು. ಎಂಟು ಹಲಗೆಗಳಲ್ಲಿ ಅದೇ ಒಳ್ಳೆಯದೆಂದು ಗೆಳತಿಯರು ಹೇಳಿದರು, ನನಗೂ ಹಾಗೇ ಅನ್ನಿಸಿತ್ತು.

ಸೆಪ್ಟೆಂಬರಿನ ಒಂದು ಶನಿವಾರ ಮಧ್ಯಾಹ್ನ, ಪ್ರದರ್ಶನದ ಎರಡನೇ ದಿನ, ಒಬ್ಬರು ಒಳಗೆ ಬಂದರು. ಐವತ್ತು ದಾಟಿದವರು, ಮಂಡಿಯ ತನಕ ಮಡಚಿದ ಪಂಚೆ, ತೊಳೆದ ಬಿಳಿ ಅಂಗಿ. ಅಂಗೈ ಮತ್ತು ಉಗುರುಗಳಲ್ಲಿ ಹೋಗದ ನೀಲಿ. ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟಿದ್ದರು, ಬೇರೆ ಯಾರೂ ಬಿಟ್ಟಿರಲಿಲ್ಲ. ಕೈಯಲ್ಲಿ ನೀಟಾಗಿ ಮಡಚಿದ ಒಂದು ಪ್ಲಾಸ್ಟಿಕ್ ಚೀಲ.

"ಅಕ್ಕೋರು ನೀವೇ ಅಲ್ದ್ರಾ? ನಾ ಕೆರಿಯಪ್ಪ. ಸವಿತಾನ ಅಪ್ಪ. ಪಂಪಿನ ವಾಶರ್ ಹೋಗಿತ್ತು, ಶಿರ್ಸಿಗೆ ಬಂದಿದ್ದೆ. ಹಂಗೇ ಕ್ಯಾಲೆಂಡರ್ ತಕಂಡು ಹೋಗೂವ ಅಂತ."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಚಿತ್ರ ತೆಗಿಯೂಕೆ ಕೊಟ್ಟಿದೆ ಅಂತು ಕೂಸು. ಅಕ್ಕೋರ ಕೆಲ್ಸ ಮುಗೀಲಿ ಅಂತ ನಾನೂ ಕಾದೆ. ತೆಗ್ದು ಆಯ್ತಲ, ಇನ್ ಕೊಡ್ತ್ರಾ? ಮಳೆ ಬತ್ತು ಅಂತ ಪ್ಲಾಸ್ಟಿಕ್ ಕೊಟ್ಟೆ ತಂದಿದೆ," ಎಂದು ಚೀಲ ತೋರಿಸಿದರು.

ಚಿತ್ರ ತೆಗೆಯುವುದೆಂದರೆ ಅವರ ಪಾಲಿಗೆ ನೋಡಿ ಬರೆಯುವುದು. ಎದುರಿಗೆ ಹಸುವನ್ನೋ ಮರವನ್ನೋ ಇಟ್ಟುಕೊಂಡು ಚಿತ್ರ ತೆಗೆದರೆ ಹಸು ಹಸುವಾಗಿಯೇ ಇರುತ್ತದೆ. ಕೆರಿಯಪ್ಪ ಎರಡೂವರೆ ತಿಂಗಳು ಕಾದದ್ದು ಆ ನಂಬಿಕೆಯಿಂದ.

ನಾನು ಆ ಹಲಗೆಯ ಕಡೆ ನೋಡಿದೆ. ಅವರೂ ನೋಡಿದರು. ಅವರಿಗೆ ಓದು ಬಾರದು, ಶಾಲೆಗೆ ಹೋದವರಲ್ಲ, ಆಮೇಲೆ ತಿಳಿಯಿತು. ಆದರೂ ಆ ಕೈಬರಹ ಅವರಿಗೆ ದೂರದಿಂದಲೇ ಗುರುತು ಸಿಕ್ಕಿತು. ಹತ್ತಿರ ಹೋಗಿ, ಬೆರಳನ್ನು ತಾಗಿಸದೆ ಒಂದೊಂದೇ ಚೌಕದ ಮೇಲೆ ಸರಿಸುತ್ತಾ ಬಂದರು. ಅಷ್ಟರಲ್ಲಿ ಚೌಕಗಳ ಅಂಚಿನಿಂದ ಹಸಿರು ಒಳಗೆ ಹರಡಿತ್ತು. ಕೆಲವು ಅಕ್ಷರ ಕದಡಿದ್ದವು, ಕೆಲವು ಕಡೆ ಕಾಗದ ಕಂದಿತ್ತು. ವಾರದಿಂದ ನಾನು ಅದನ್ನು ನೋಡುತ್ತಿದ್ದೆ. ಬಣ್ಣಕ್ಕೊಂದು ಆಳ ಬಂದಿದೆ ಎಂದು ಗೆಳತಿಗೆ ಹೇಳಿಯೂ ಇದ್ದೆ.

ಕೆರಿಯಪ್ಪ ಬಗ್ಗಿ ಮೂಸಿದರು.

"ಮೈಲುತುತ್ತ ಹಾಕಿದ್ರಾ?"

"ಹೂಂ."

"ಸುಣ್ಣ?"

"ಸುಣ್ಣ ಹಾಕಲಿಲ್ಲ."

"ಸುಣ್ಣ ಹಾಕ್ದೆ ಯಾರಾದ್ರೂ ಮೈಲುತುತ್ತ ಮುಟ್ತ್ರಾ ಅಕ್ಕೋರೇ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕೆಲಸ ತಪ್ಪು ಮಾಡಿದವರಿಗೆ ತಿಳಿದವರು ಹೇಳುವ ದನಿ. "ಕತ್ತಿ ಅದ್ದಿ ನೋಡೂದು. ಅಲಗು ಕೆಂಪಾದ್ರೆ ಸುಣ್ಣ ಸಾಲ್ಲಿಲ್ಲೆ ಅಂತ. ಸಾಲ್ದೇ ಹೊಡದ್ರೆ ಎಲೆ ಸುಡ್ತು, ಕಾಯಿ ಸುಡ್ತು. ಇದು ಸುಟ್ಟೋಗಿದೆ."

ಆಮೇಲೆ ಕೇಳಿದರು: "ಶ್ರಾವಣದ್ದು ಯಾವ್ದು ಇದ್ರಲ್ಲಿ? ಅದ್ನ ಇನ್ನೂ ಓದ್ಸಿರ್ಲಿಲ್ಲೆ."

ನಿಧಾನವಾಗಿ ಬಿಡಿಸಿ ಹೇಳಿದರು. ಮಾದೇವಿ ಹೋದ ಮೇಲೆ ಅದೇ ಮೊಳೆಗೆ ಹೊಸ ಕ್ಯಾಲೆಂಡರ್ ಬಂತು, ಹಳೆಯದು ಅದರ ಹಿಂದೆಯೇ ಇತ್ತು. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಹೊಸದನ್ನು ಎತ್ತಿ ಹಿಡಿದು, ಹೋದ ವರ್ಷ ಇದೇ ದಿನ ಅವಳು ಏನು ಬರೆದಿದ್ದಳು ಎಂದು ಸವಿತಾಳ ಹತ್ತಿರ ಓದಿಸುವುದು. ಮುಂದಿನ ದಿನದ್ದನ್ನು ಓದಿಸುತ್ತಿರಲಿಲ್ಲ. ದಿನಕ್ಕೆ ಒಂದೇ. ಮದ್ದು ಹೊಡೆಯಲು ಹೋದಾಗ ತಪ್ಪಿದ್ದನ್ನು ಬಂದ ಮೇಲೆ ಒಟ್ಟಿಗೆ ಕೇಳುವುದು. ಹೀಗೆ ಓದಿದರೆ ಅದು ಕಾರ್ತಿಕದ ತನಕ ಬರುತ್ತಿತ್ತು.

ಗೋಡೆಯ ಮೇಲೆ ನಾನು ಶ್ರಾವಣವನ್ನು ಹುಡುಕಿದೆ. ಕತ್ತರಿಸುವಾಗ ತಿಂಗಳ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೆ. ಯಾವ ದಿನ ಯಾವ ತಿಂಗಳದ್ದೆಂದು ನನಗೂ ಗೊತ್ತಾಗಲಿಲ್ಲ.

ಅಷ್ಟು ಹೊತ್ತಿಗೆ ನಾಲ್ಕೈದು ಜನ ಹತ್ತಿರ ಬಂದು ನಿಂತಿದ್ದರು. ಅವರಲ್ಲೊಬ್ಬ ಹಿರಿಯರು, "ಏನಂತೆ? ಕೇಳದೇ ತಂದಿದ್ದೋ?" ಎಂದರು. ನನ್ನ ಮುಖ ಬಿಸಿಯಾಯಿತು. ಆಗ ನಾನು ಹೇಳಿದ ಮಾತು ಅಕ್ಷರಶಃ ನೆನಪಿದೆ.

"ಇಲ್ಲ, ಮಕ್ಕಳೇ ತಂದುಕೊಟ್ಟಿದ್ದು. ಬೇಡ ಅಂತ ಹೇಳಿಯೇ ಕೊಟ್ಟಳು ಸವಿತಾ."

ಕೆರಿಯಪ್ಪ ನನ್ನ ಕಡೆ ತಿರುಗಿದರು. "ಬೇಡ ಅಂತಾ?"

ಅವರು ಪ್ಲಾಸ್ಟಿಕ್ ಚೀಲವನ್ನು ಮೊದಲಿದ್ದ ಮಡಿಕೆಗಳಲ್ಲೇ ಮತ್ತೆ ಮಡಚಿ ಜೇಬಿಗೆ ಇಟ್ಟುಕೊಂಡರು. ಹಲಗೆಯನ್ನೇ ತೆಗೆದುಕೊಂಡು ಹೋಗಿ ಎಂದೆ. "ಇಷ್ಟು ದೊಡ್ಡದಕ್ಕೆ ನಮ್ಮನೆ ಮೊಳೆ ಸಾಲ್ದು ಅಕ್ಕೋರೇ," ಎಂದು ಹೇಳಿ ಹೋದರು.

ಪ್ರದರ್ಶನ ಮುಗಿದ ಮರುದಿನ ಬೆಳಿಗ್ಗೆ ಆ ಹಲಗೆಯನ್ನು ಬಚ್ಚಲಿನಲ್ಲಿ ಮಲಗಿಸಿ ಒದ್ದೆ ಬಟ್ಟೆ ಹಾಸಿದೆ. ಅಂಟು ಸಡಿಲವಾಯಿತು. ಅದರ ಜೊತೆಗೆ ಜೆಲ್ ಪೆನ್ನಿನ ಶಾಯಿಯೂ ಬಿಟ್ಟಿತು. ನೀಲಿ ನೀರು ಬಚ್ಚಲ ಕಿಂಡಿಯ ಕಡೆ ಹರಿಯುವುದನ್ನು ನೋಡಿ ಕೈ ತೆಗೆದೆ, ಆಗಲೇ ತಡವಾಗಿತ್ತು. ಓದಲು ಬರುವಂತೆ ಉಳಿದದ್ದು ಹನ್ನೊಂದು ಚೌಕ. ಅವನ್ನು ಪುಸ್ತಕದ ನಡುವೆ ಒಣಗಿಸಿ, ಲಕೋಟೆಯಲ್ಲಿಟ್ಟು, ಸವಿತಾಳಿಗೆ ಚಿತ್ರದ ಕೋಣೆಯಲ್ಲಿ ಕೊಟ್ಟೆ.

ಅವಳು ಅಲ್ಲೇ ಬಿಚ್ಚಿ ಎಣಿಸಿದಳು. ಒಂದನ್ನು ಕೈಯಲ್ಲಿ ಹಿಡಿದು ನಿಂತಳು. ವೃತ್ತದೊಳಗೆ "ಸ".

"ಇದು ಉಳ್ಕಂತಾ," ಎಂದಳು.

"ಏನದು?"

"ನಿಮ್ಗೆ ಗೊತ್ತಾಗ್ಲಿಲ್ವಾ ಅಕ್ಕೋರೇ?" ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದಳು. "ಸ ಅಂದ್ರೆ ಸವಿತಾ. ನಾನು ಹೊರಗಾದ ದಿನ. ಅಮ್ಮ ಗುರ್ತು ಹಾಕ್ತಿತ್ತು. ಅಪ್ಪ ಓದ್ಸುವಾಗ ನಾ ಸಂತೆ ಅಂತ ಓದ್ತಿದ್ದೆ. ಜೂನ್ ತಿಂಗಳಲ್ಲಿ ಕೇಳ್ದ, ಸಂತೆ ವಾರ ವಾರ ಬತ್ತು, ಇದೆಂತಕೆ ತಿಂಗಳಿಗೊಂದ್ಸಲ ಅಂತ. ನಂಗೆ ಎಂತ ಹೇಳೂಕೂ ಆಗ್ಲಿಲ್ಲ. ಅದಕ್ಕೇ ನಿಮ್ಗೆ ಕೊಟ್ಟೆ."

ಆ ಸಾಲನ್ನು ಕತ್ತರಿಸಿ, ಅಳೆದು, ನಡುವೆ ಕೂರಿಸಿದವಳು ನಾನು. ಕತ್ತರಿಸುವ ಮೊದಲು ಒಂದರಿಂದ ಒಂದಕ್ಕೆ ಎಷ್ಟು ದಿನ ಎಂದು ಒಮ್ಮೆ ಎಣಿಸಿದ್ದರೆ ಸಾಕಿತ್ತು. ಇಸಳೂರಿನ ಕೋಣೆಯಲ್ಲಿ ನನ್ನದೇ ಕ್ಯಾಲೆಂಡರಿನಲ್ಲಿ ಪೆನ್ಸಿಲಿನ ಅಂಥದೇ ಗುರುತುಗಳಿದ್ದವು.

"ಪ್ರದರ್ಶನಕ್ಕೆ ಇಟ್ಟಿದ್ದು..." ಎಂದೆ.

"ಅದು ಯಾರಿಗೂ ತಿಳೀಲಿಲ್ಲಲ, ಅಡ್ಡಿಲ್ಲ," ಎಂದಳು. ಲಕೋಟೆಯನ್ನು ಮಡಚಿದಳು. "ಬೇಡ ಅಂದೆ ಅಂತ ಅಪ್ಪನ ಹತ್ರ ಎಂತಕೆ ಹೇಳಿದ್ರಿ?"

ಹುಡುಗಿಯ ದನಿ ಏರಲಿಲ್ಲ. ಕಿಟಕಿಯ ಹೊರಗೆ ಆಟದ ಬಯಲಿನಲ್ಲಿ ನೀರು ನಿಂತಿತ್ತು, ಯಾರೋ ಅದರಲ್ಲಿ ಕಾಲಾಡಿಸುತ್ತಿದ್ದರು.

"ಅಪ್ಪ ಬೈದರಾ?"

"ಬೈಲಿಲ್ಲ. ಎಂತದೂ ಕೇಳ್ಲಿಲ್ಲ. ಆವತ್ತಿಂದ ನನ್ನ ಹತ್ರ ಎಂತದೂ ಓದ್ಸೂದಿಲ್ಲ. ಔಷಧಿ ಚೀಟಿನೂ ಆಚೆಮನೆ ಅಣ್ಣನ ಹತ್ರ ಓದಿಸ್ತ."

ನಾನು ಬಂದು ಅಪ್ಪನಿಗೆ ಹೇಳುತ್ತೇನೆ ಎಂದೆ. "ಸ ಅಂದ್ರೆ ಎಂತ ಅಂತ ಹೇಳ್ಬೇಡಿ ಮತ್ತೆ," ಎಂದು ಹೊರಟುಹೋದಳು. ಹಾಗಾದರೆ ಏನೆಂದು ಹೇಳುವುದು? ಮಗಳು ಯಾಕೆ ಕೊಟ್ಟಳೆಂದು ಹೇಳದೆ, ಅವಳದೇನೂ ತಪ್ಪಿಲ್ಲವೆಂದು ಹೇಳುವ ಒಂದು ವಾಕ್ಯ ಬೇಕಿತ್ತು. ಅದನ್ನು ಕೂಡಿಸಲು ನನಗೆ ಏಳು ತಿಂಗಳು ಬೇಕಾಯಿತು ಎಂದರೆ ಯಾರೂ ನಂಬುವುದಿಲ್ಲ. ನಿಜ ಹೇಳಬೇಕೆಂದರೆ ನಾನು ಮುಂದೂಡಿದೆ. ಮಳೆ ಮುಗಿಯಿತು, ದೀಪಾವಳಿ ಬಂತು, ಪರೀಕ್ಷೆ ಬಂತು. ಏಪ್ರಿಲ್ ಕೊನೆಯಲ್ಲಿ ಯಲ್ಲಾಪುರಕ್ಕೆ ವರ್ಗವಾಯಿತು. ಹೋಗುವ ಮೊದಲು ಒಂದು ಮಧ್ಯಾಹ್ನ ದೊಡ್ಮನೆಯ ರಸ್ತೆಯಲ್ಲಿ ಬಸ್ಸಿಳಿದು ಅವರ ಮನೆಗೆ ಹೋದೆ. ಬಸ್ಸಿನಲ್ಲಿ ಆ ವಾಕ್ಯವನ್ನು ಹತ್ತು ಸಲವಾದರೂ ಹೇಳಿಕೊಂಡಿದ್ದೆ: ಆ ದಿನ ನಾನು ಹೆದರಿ ಸುಳ್ಳು ಹೇಳಿದೆ, ಸವಿತಾ ಬೇಡ ಅನ್ನಲಿಲ್ಲ, ನಾನೇ ಕೇಳಿ ಇಸಿದುಕೊಂಡೆ.

ಗದ್ದೆಯ ಅಂಚಿನ ಸಣ್ಣ ಮನೆ. ಜಗಲಿಯಲ್ಲಿ ಕೆರಿಯಪ್ಪ ಹಗ್ಗ ಹೊಸೆಯುತ್ತಿದ್ದರು. "ಓಹೋ ಅಕ್ಕೋರು! ಬರ್ರಿ, ಕೂಡ್ರಿ," ಎಂದರು. ನನ್ನ ಮಾತಿನ ಸುದ್ದಿ ಮನೆಯವರೆಗೂ ಬಂದಿತ್ತೆಂದು ತಿಳಿದು ನಗು ಬಂತು. ಸವಿತಾ ಬೆಲ್ಲ, ನೀರು ತಂದಿಟ್ಟು, ಒಳಗೆ ಕಷಾಯಕ್ಕಿಟ್ಟಳು.

ಗೋಡೆಯ ಮೊಳೆಯಲ್ಲಿ ಆ ವರ್ಷದ ಕ್ಯಾಲೆಂಡರಿತ್ತು, ಅದರ ಹಿಂದೆ ಹೋದ ವರ್ಷದ್ದು. ಎರಡರಲ್ಲೂ ಒಂದು ಅಕ್ಷರವಿರಲಿಲ್ಲ. ಅದೇ ಮೊಳೆಯಲ್ಲಿ, ಎಲ್ಲಕ್ಕಿಂತ ಹಿಂದೆ, ಆ ಪ್ಲಾಸ್ಟಿಕ್ ಚೀಲ ತೂಗುತ್ತಿತ್ತು. ಕೆರಿಯಪ್ಪ ಅದನ್ನು ತೆಗೆದು, ಕೈಯನ್ನು ಪಂಚೆಗೆ ಒರೆಸಿಕೊಂಡು, ಸವಿತಾ ಹಾಗೆಯೇ ತಂದುಕೊಟ್ಟಿದ್ದ ಹನ್ನೊಂದು ಚೌಕಗಳನ್ನು ನನ್ನ ಮುಂದೆ ಒಂದೊಂದಾಗಿ ಇಟ್ಟರು.

"ಯಾರ್ ಹತ್ರನೂ ಓದ್ಸಲಿಲ್ಲೆ ಇದ್ನ. ನೀವ್ ಓದ್ತ್ರಾ?"

ನಾನು ಓದಿದೆ. "ಮೊದಲ ಮಳೆ." ಅವರು ತಲೆಯಾಡಿಸಿದರು. "ಗೌರಿ ಕರು ಹೆಣ್ಣು." "ಹೌದು, ಈಗ ಅದೇ ಗಬ್ಬ ಆಗಿದೆ," ಎಂದರು. ಮುಂದಿನದರಲ್ಲಿ "ಇವ" ಎಂಬಷ್ಟೇ ಉಳಿದಿತ್ತು, ಉಳಿದದ್ದು ಹಸಿರು. ಆದರೆ ಆ ಮಾತು ಆ ಕ್ಯಾಲೆಂಡರಿನಲ್ಲಿ ಎಷ್ಟೋ ಸಲ ಬಂದದ್ದು ನನಗೆ ನೆನಪಿತ್ತು. "ಇವರು ಮನೆಗೆ," ಎಂದು ಓದಿದೆ.

"ಅದು ನಾನು," ಎಂದರು ಕೆರಿಯಪ್ಪ. "ಮದ್ದು ಹೊಡ್ದು ಬಂದ ದಿನ." ಆ ಚೌಕವನ್ನು ಸ್ವಲ್ಪ ಬೇರೆ ಸರಿಸಿ ಇಟ್ಟರು.

ಕೊನೆಗೆ ವೃತ್ತದ್ದು ಬಂತು. ಒಳಗೆ ಪಾತ್ರೆಯ ಸದ್ದು ನಿಂತಿತು. ಸವಿತಾ ಲೋಟ ಹಿಡಿದು ಬಾಗಿಲ ಹತ್ತಿರ ನಿಂತಿದ್ದಳು.

"ಸಂತೆ," ಎಂದೆ.

ಅವರು ನನ್ನ ಮುಖವನ್ನೂ ಆ ಚೌಕವನ್ನೂ ನೋಡಿದರು. "ಹಂಗಾರೆ ಕೂಸು ಸರಿಯಾಗೇ ಓದ್ತಿತ್ತು," ಎಂದರು, ಬಾಗಿಲ ಕಡೆ ನೋಡದೆ.

ವಾಕ್ಯವನ್ನು ಹೇಳಬೇಕಾದ ಹೊತ್ತು ಅದು. ನಾಲಿಗೆಯ ಮೇಲಿತ್ತು. ಆದರೆ ಈಗಷ್ಟೇ ಒಂದು ಸುಳ್ಳು ಓದಿದ ಬಾಯಲ್ಲಿ ಇನ್ನೊಂದು ಸುಳ್ಳನ್ನು ಒಪ್ಪಿಕೊಂಡರೆ, ಅವರು ಯಾವುದನ್ನು ನಂಬುತ್ತಾರೆ? ಹೀಗೆ ಯೋಚಿಸಿದೆ. ಈಗ ನೋಡಿದರೆ ಅದೂ ಒಂದು ನೆಪವೇ. ಕೆರಿಯಪ್ಪ ಚೌಕಗಳನ್ನು ಚೀಲಕ್ಕೆ ಹಾಕುತ್ತಾ, "ಕಷಾಯ ಕುಡೀರಿ ಅಕ್ಕೋರೇ, ನಾಲ್ಕೂವರೆ ಬಸ್ ತಪ್ಪಿರೆ ಮತ್ತಿಲ್ಲೆ," ಎಂದರು. ನಾನು ಕುಡಿದೆ. ಯಲ್ಲಾಪುರದಲ್ಲಿ ಮನೆ ಸಿಕ್ಕಿತೇ ಎಂದು ಕೇಳಿದರು, ಸಿಕ್ಕಿತು ಎಂದೆ. ಎದ್ದೆ.

ಅಂಗಳದ ತುದಿಯಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಹಿಂದಿನಿಂದ ಅವರ ದನಿ ಕೇಳಿತು.

"ಸವಿತಾ."

ಓದಿಸಲು ಕರೆದರೋ ಏನೋ ಎಂದು, ಒಂದು ಕಾಲಿಗೆ ಚಪ್ಪಲಿ ಹಾಕಿ, ಇನ್ನೊಂದು ಬರಿಗಾಲನ್ನು ನೆಲಕ್ಕೂರದೆ ನಿಂತೆ. ಚೀಲ ಇನ್ನೂ ಅವರ ಮಡಿಲಲ್ಲಿತ್ತು. ಹುಡುಗಿ ಹೊರಗೆ ಬಂದು ಅವರ ಪಕ್ಕ ನಿಂತಳು. ಅವರು ಚೀಲವನ್ನು ಎತ್ತಿ ಮೊಳೆಗೆ ಸಿಕ್ಕಿಸಿದರು.

"ಅಕ್ಕೋರು ಕುಡ್ದ ಲೋಟ ತೆಗಿ ಮಗಾ," ಎಂದರು.